ಬಿಗಿಯೂ ಅಲ್ಲ, ಸಡಿಲವೂ ಅಲ್ಲ: ಯೋಗದಲ್ಲಿ ಶ್ರಮ, ಸುಖ ಮತ್ತು ಉಸಿರಿನ ಲೆಕ್ಕ

ಮಂಡ್ಯ: ದಿನವಿಡೀ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುವವರಿಗೆ ಯೋಗಾಸನವೇಕೆ? ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಯೋಗ ಶಿಬಿರದ ಮಾತೆತ್ತಿದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಪ್ರಶ್ನೆಯಲ್ಲಿ ತುಸು ಕುಹಕವಿದೆ, ಆದರೆ ಸತ್ಯಾಂಶವೂ ಇಲ್ಲದಿಲ್ಲ. ಕಬ್ಬು ಕಡಿದು, ಹೊರೆ ಕಟ್ಟಿ, ಲಾರಿಗೆ ತುಂಬುವ ಆಳಿಗೆ ದೇಹಶ್ರಮದ ಕೊರತೆಯಿಲ್ಲ. ಆತನಿಗೆ ಇಲ್ಲದಿರುವುದು ಶ್ರಮದ ನಡುವಿನ ಬಿಡುವು. ಅದೇ ವೇಳೆ ಮಂಡ್ಯದಿಂದಲೋ ಮದ್ದೂರಿನಿಂದಲೋ ನಿತ್ಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವ ನೌಕರನಿಗೆ ದೇಹಶ್ರಮವಿಲ್ಲ. ಆದರೆ ಆತನ ಹೆಗಲು, ಕುತ್ತಿಗೆ, ದವಡೆ ದಿನವಿಡೀ ಬಿಗಿದೇ ಇರುತ್ತವೆ. ಇಬ್ಬರದೂ ಸಮತೋಲ ತಪ್ಪಿದ ಸ್ಥಿತಿಯೇ. ಯೋಗಶಾಸ್ತ್ರ ತನ್ನ ಆಸನ ವಿಚಾರವನ್ನು ಆರಂಭಿಸುವುದೇ ಈ ಸಮತೋಲದಿಂದ.

ಯೋಗವೆಂದರೆ ದೇಹವನ್ನು ಹಗ್ಗದಂತೆ ಹೊಸೆಯುವ ವಿದ್ಯೆ ಎಂಬ ಭಾವನೆ ಜನರಲ್ಲಿ ಬೇರೂರಿರುವುದಕ್ಕೆ ದೂರದರ್ಶನದ ಪ್ರದರ್ಶನಗಳೂ ಶಾಲಾ ಸ್ಪರ್ಧೆಗಳೂ ಒಂದು ಕಾರಣ. ಮೂಲ ಗ್ರಂಥವನ್ನು ತೆರೆದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ.

ಮೂರೇ ಸೂತ್ರ

ಪತಂಜಲಿಯ ಯೋಗಸೂತ್ರಗಳಲ್ಲಿ ಆಸನಕ್ಕೆ ಮೀಸಲಾಗಿರುವುದು ಎರಡನೆಯ ಪಾದದ ಮೂರು ಸೂತ್ರಗಳು ಮಾತ್ರ: 46, 47 ಮತ್ತು 48. ಆಸನವು ಸ್ಥಿರವಾಗಿರಬೇಕು, ಸುಖವಾಗಿಯೂ ಇರಬೇಕು ಎಂಬುದು ಮೊದಲನೆಯದರ ತಾತ್ಪರ್ಯ. ಪ್ರಯತ್ನವನ್ನು ಸಡಿಲಗೊಳಿಸುವುದರಿಂದ ಮತ್ತು ಮನಸ್ಸನ್ನು ಅನಂತದಲ್ಲಿ ನೆಲೆಗೊಳಿಸುವುದರಿಂದ ಅದು ಸಿದ್ಧಿಸುತ್ತದೆ ಎಂಬುದು ಎರಡನೆಯದರದು. ಹಾಗೆ ಸಿದ್ಧಿಸಿದಾಗ ಶೀತ, ಉಷ್ಣದಂತಹ ದ್ವಂದ್ವಗಳು ಬಾಧಿಸವು ಎಂದು ಮೂರನೆಯದು ಹೇಳುತ್ತದೆ. ಇದಾದ ಮೇಲೆಯೇ, 49ನೇ ಸೂತ್ರದಿಂದ, ಪ್ರಾಣಾಯಾಮದ ಪ್ರಸ್ತಾಪ ಬರುತ್ತದೆ. ಆಸನ ನೆಲೆಗೊಂಡ ನಂತರವಷ್ಟೇ ಉಸಿರಿನ ನಿಯಮನ ಎಂಬ ಅನುಕ್ರಮ ಗಮನಾರ್ಹ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಯತ್ನವನ್ನು ಬಿಟ್ಟುಬಿಡಿ ಎಂದು ಪತಂಜಲಿ ಹೇಳುವುದಿಲ್ಲ; ಸಡಿಲಿಸಿ ಎನ್ನುತ್ತಾನೆ. ಇಲ್ಲದ ಪ್ರಯತ್ನವನ್ನು ಸಡಿಲಿಸಲಾಗದು. ಮೊದಲು ಪ್ರಯತ್ನ ಬೇಕು, ಆಮೇಲೆ ಅದರಲ್ಲಿ ಅನಗತ್ಯವಾದುದನ್ನು ಗುರುತಿಸಿ ಕೈಬಿಡಬೇಕು. ನಿಂತಿರುವಾಗ ತೊಡೆಯ ಸ್ನಾಯು ಕೆಲಸ ಮಾಡಲೇಬೇಕು. ಹಲ್ಲು ಕಚ್ಚುವುದು, ಹುಬ್ಬು ಗಂಟಿಕ್ಕುವುದು ಬೇಕಿಲ್ಲ.

ಎರಡನೆಯ ಸೂತ್ರದ ‘ಅನಂತ’ ಎಂಬ ಪದಕ್ಕೆ ವ್ಯಾಖ್ಯಾನಕಾರರು ಎರಡು ಅರ್ಥ ಹೇಳುತ್ತಾರೆ. ಕೊನೆಯಿಲ್ಲದ್ದು ಎಂಬುದು ಒಂದು. ಭೂಭಾರವನ್ನು ಹೊತ್ತ ಆದಿಶೇಷ ಎಂಬುದು ಮತ್ತೊಂದು. ಈ ಎರಡನೆಯ ಅರ್ಥ ಮಂಡ್ಯ ಜಿಲ್ಲೆಯವರಿಗೆ ಬೇಗ ಹೊಳೆಯಬೇಕು. ಶ್ರೀರಂಗಪಟ್ಟಣದ ಆದಿರಂಗನೂ, ಮಳವಳ್ಳಿಗೆ ಸಮೀಪದ ಶಿವನಸಮುದ್ರದ ಮಧ್ಯರಂಗನೂ ಪವಡಿಸಿರುವುದು ಅದೇ ಶೇಷನ ಮೇಲೆ. ಭೂಮಿಯನ್ನು ಹೊರುವಷ್ಟು ಗಟ್ಟಿ, ದೇವರಿಗೆ ಹಾಸಿಗೆಯಾಗುವಷ್ಟು ಮೆತ್ತಗೆ. ಸ್ಥಿರ, ಸುಖ ಎಂಬೆರಡು ಪದಗಳಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಕಾವೇರಿ ದಂಡೆಯಲ್ಲಿ ಸಿಗಲಾರದು.

ನಂತರ ಬಂದ ಹಠಯೋಗದ ಗ್ರಂಥಗಳಲ್ಲಿಯೂ ಇದೇ ಎಚ್ಚರಿಕೆಯಿದೆ. ಹೆಸರಿನಲ್ಲೇ ‘ಹಠ’ ಇರುವ ಹಠಯೋಗ ಪ್ರದೀಪಿಕೆ, ಯೋಗವನ್ನು ಕೆಡಿಸುವ ಸಂಗತಿಗಳ ಪಟ್ಟಿಯಲ್ಲಿ ಅತಿ ಆಹಾರದ ಪಕ್ಕದಲ್ಲೇ ಅತಿ ಶ್ರಮವನ್ನೂ ಇರಿಸಿದೆ. ಪ್ರಾಣವನ್ನು ಕಾಡುಮೃಗವನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಅವಸರಪಟ್ಟರೆ ಸಾಧಕನಿಗೇ ಹಾನಿ ಎಂಬುದು ಅದರ ನಿಲುವು. ಅತಿಯಾಗಿ ಬಿಗಿದರೂ, ಅತಿಯಾಗಿ ಸಡಿಲಿಸಿದರೂ ವೀಣೆಯ ತಂತಿ ನುಡಿಯದು ಎಂಬ ಉಪಮೆಯನ್ನು ಬುದ್ಧ ತನ್ನ ಶಿಷ್ಯ ಸೋಣನಿಗೆ ಹೇಳಿದ ಕಥೆಯೂ ಬೌದ್ಧ ಸಾಹಿತ್ಯದಲ್ಲಿ ಪ್ರಸಿದ್ಧ.

ಮೈಸೂರಿನ ಯೋಗಶಾಲೆ

ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಕಲಿಸಲಾಗುತ್ತಿರುವ ಆಸನ ಪದ್ಧತಿಗಳ ಪೈಕಿ ಪ್ರಮುಖವಾದವು ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ ರೂಪು ತಳೆದವು. ಅದಕ್ಕೂ ಹಿಂದೆ, 19ನೇ ಶತಮಾನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಹೆಸರಿನಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗದ ಮೇಲಿನ ಕಸರತ್ತುಗಳೂ, ಗರಡಿಮನೆಯ ದಂಡೆಗಳನ್ನು ಹೋಲುವ ಭಂಗಿಗಳೂ ಸೇರಿವೆ. ಆದ್ದರಿಂದ ಅರಮನೆಯ ಯೋಗ ಮತ್ತು ಊರಿನ ಗರಡಿಮನೆಯ ಸಾಮು ಪೂರ್ಣ ಬೇರೆಬೇರೆ ಲೋಕಗಳೆಂದು ತಿಳಿಯಬೇಕಿಲ್ಲ.

ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿಯೂ, ‘ಯೋಗಾಸನಗಳು’ 1941ರಲ್ಲಿಯೂ ಪ್ರಕಟವಾದವು. ಎರಡೂ ಮೊದಲು ಬಂದದ್ದು ಕನ್ನಡದಲ್ಲಿ. ಆಧುನಿಕ ಯೋಗದ ಆಧಾರಗ್ರಂಥಗಳೆನಿಸಿದ ಇವು ಕನ್ನಡ ಕೃತಿಗಳೆಂಬುದು ನಮ್ಮಲ್ಲೇ ಅನೇಕರಿಗೆ ತಿಳಿದಿಲ್ಲ. ವಿದೇಶಿ ಸಾಧಕರು ಅವುಗಳ ಅನುವಾದಕ್ಕಾಗಿ ಹುಡುಕಾಡುತ್ತಾರೆ. ಪ್ರತಿ ಚಲನೆಗೂ ಒಂದು ಶ್ವಾಸ ಅಥವಾ ನಿಶ್ವಾಸವನ್ನು ಹೊಂದಿಸುವ ಕ್ರಮ ಕೃಷ್ಣಮಾಚಾರ್ಯರ ಬೋಧನೆಯ ಹೆಗ್ಗುರುತು. ರಾಜಾಶ್ರಯ ಕೊನೆಗೊಂಡ ಬಳಿಕ, 1950ರಲ್ಲಿ, ಯೋಗಶಾಲೆ ಮುಚ್ಚಿತು. ಅವರು ಮುಂದೆ ಚೆನ್ನೈಯಲ್ಲಿ ನೆಲೆಸಿ, ನೂರು ವರ್ಷ ತುಂಬಿದ ಮೇಲೆ 1989ರಲ್ಲಿ ನಿಧನರಾದರು.

ಒಬ್ಬನೇ ಗುರುವಿನ ಬಳಿ ಕಲಿತವರು ಶ್ರಮ ಮತ್ತು ಸುಖದ ಪ್ರಶ್ನೆಗೆ ಭಿನ್ನ ಉತ್ತರಗಳನ್ನು ಕಂಡುಕೊಂಡದ್ದು ಈ ಇತಿಹಾಸದ ಸ್ವಾರಸ್ಯಕರ ಭಾಗ. ಹಾಸನ ಜಿಲ್ಲೆಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನಲ್ಲಿ 1948ರಲ್ಲಿ ಅಷ್ಟಾಂಗ ಯೋಗ ನಿಲಯವನ್ನು ಆರಂಭಿಸಿದರು. ಗೊತ್ತಾದ ಕ್ರಮದ ಆಸನಗಳು, ಬೆವರು ಸುರಿಯುವ ಅಭ್ಯಾಸ, ಅದರ ನಡುವೆ ಎಡೆಬಿಡದ ಉಸಿರಿನ ಎಣಿಕೆ ಇವು ಅವರ ಪದ್ಧತಿಯ ಲಕ್ಷಣ. ದೇಹ ಎಷ್ಟೇ ದುಡಿಯಲಿ, ಉಸಿರು ಮಾತ್ರ ಸಮವಾಗಿರಬೇಕು. ಅವರ ‘ಯೋಗ ಮಾಲಾ’ ಕೂಡ 1962ರಲ್ಲಿ ಕನ್ನಡದಲ್ಲೇ ಮೊದಲು ಬಂತು. ಜೋಯಿಸರು 2009ರಲ್ಲಿ ತೀರಿಕೊಂಡರು.

ಬಿ.ಕೆ.ಎಸ್. ಅಯ್ಯಂಗಾರ್ ಹಿಡಿದದ್ದು ಬೇರೆಯೇ ದಾರಿ. 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ, ಜನಿಸಿದ ಅವರು ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್‌ಗಳಿಂದ ನರಳಿ, 1934ರಲ್ಲಿ ಭಾವನಾದ ಕೃಷ್ಣಮಾಚಾರ್ಯರ ಮನೆಗೆ ಬಂದವರು. ಅವರ ಹುಟ್ಟೂರು ಬೆಳ್ಳೂರು. ಅದು ನಾಗಮಂಗಲ ತಾಲ್ಲೂಕಿನ ನಮ್ಮ ಬೆಳ್ಳೂರಲ್ಲ, ಕೋಲಾರ ಜಿಲ್ಲೆಯ ಬೆಳ್ಳೂರು. ಹೆಸರಿನ ಸಾಮ್ಯದಿಂದ ಮಂಡ್ಯದವರಿಗೆ ಗೊಂದಲವಾಗುವುದು ಸಹಜ. 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದ ಅಯ್ಯಂಗಾರ್, ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿ, ದಿಂಬುಗಳನ್ನು ಆಸನಗಳಿಗೆ ಆಧಾರವಾಗಿ ಬಳಸಿದರು. ಕೈ ನೆಲಕ್ಕೆ ಎಟುಕದಿದ್ದರೆ ನೆಲವನ್ನೇ ಕೈಯ ಮಟ್ಟಕ್ಕೆ ಎತ್ತುವುದು ಇದರ ತರ್ಕ. ಹೀಗಾಗಿ ಮುದುಕರೂ ರೋಗಿಗಳೂ ಒಂದು ಭಂಗಿಯಲ್ಲಿ ಏದುಸಿರಿಲ್ಲದೆ ಹೆಚ್ಚು ಹೊತ್ತು ಇರುವುದು ಸಾಧ್ಯವಾಯಿತು. ಅವರು ನಿಧನರಾದದ್ದು 2014ರಲ್ಲಿ. ಕೃಷ್ಣಮಾಚಾರ್ಯರ ಪುತ್ರ ಟಿ.ಕೆ.ವಿ. ದೇಶಿಕಾಚಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಭ್ಯಾಸವನ್ನೇ ವ್ಯಕ್ತಿಗೆ ತಕ್ಕಂತೆ ಹೊಲಿಯಬೇಕು ಎಂದರು.

ಉಸಿರೇ ಒಂದು ಸಮತೋಲ

ಉಸಿರಾಟದ ಶರೀರಶಾಸ್ತ್ರವನ್ನು ನೋಡಿದರೆ, ಶ್ರಮ ಮತ್ತು ವಿಶ್ರಾಂತಿಯ ಲೆಕ್ಕ ಪ್ರತಿ ಉಸಿರಿನಲ್ಲೂ ನಡೆಯುತ್ತಿರುವುದು ತಿಳಿಯುತ್ತದೆ. ಉಸಿರನ್ನು ಒಳಗೆಳೆಯುವುದು ಕೆಲಸ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಸಂಕುಚಿಸಿ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಹಿಗ್ಗುತ್ತವೆ, ಗಾಳಿ ಒಳಸೇರುತ್ತದೆ. ಹೊರಬಿಡುವುದಕ್ಕೆ, ವಿಶ್ರಾಂತ ಸ್ಥಿತಿಯಲ್ಲಿ, ಯಾವ ಸ್ನಾಯುವೂ ದುಡಿಯಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನೇ ಹಿಂದಿರುಗುತ್ತದೆ. ಅರ್ಧ ದುಡಿಮೆ, ಅರ್ಧ ಬಿಡುವು. ಹೃದಯವೂ ಇದೇ ಲಯವನ್ನು ಅನುಸರಿಸುತ್ತದೆ: ಉಸಿರೆಳೆದಾಗ ಬಡಿತ ತುಸು ವೇಗಗೊಂಡು, ಬಿಟ್ಟಾಗ ನಿಧಾನವಾಗುತ್ತದೆ. ನಿಶ್ವಾಸವನ್ನು ದೀರ್ಘಗೊಳಿಸಿದಾಗ ಮನಸ್ಸು ತಿಳಿಯಾಗುವುದರ ಹಿಂದೆ ವೇಗಸ್ ಎಂಬ ನರದ ಪಾತ್ರವಿದೆ.

ಆರೋಗ್ಯವಂತ ವಯಸ್ಕರು ವಿಶ್ರಾಂತ ಸ್ಥಿತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನಮ್ಮ ಹಿರಿಯರು ದಿನಕ್ಕೆ 21,600 ಉಸಿರು ಎಂದು ಲೆಕ್ಕ ಹಾಕಿದ್ದರು. ಭಾಗಿಸಿ ನೋಡಿದರೆ ನಿಮಿಷಕ್ಕೆ ಸರಿಯಾಗಿ 15. ಗಡಿಯಾರವಿಲ್ಲದ ಕಾಲದ ಲೆಕ್ಕವೆಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ.

ಇಟಲಿಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನಾಗಲೀ, ಯೋಗಮಂತ್ರವೊಂದನ್ನಾಗಲೀ ಪಠಿಸುವಾಗ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ಆಗ ಹೃದಯ ಮತ್ತು ರಕ್ತದೊತ್ತಡದ ಲಯಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ಅವರು ಕಂಡುಕೊಂಡರು. ಅಧ್ಯಯನಕ್ಕೆ ಒಳಗಾದವರು 23 ಜನ ಮಾತ್ರ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು ಅದೇ ಪತ್ರಿಕೆಯಲ್ಲಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53 ಮಂದಿ ಅಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಲಾಗಿತ್ತು. ಯೋಗ ಮಾಡಿದವರಲ್ಲಿ ಉಬ್ಬಸದ ಬಾಧೆಯೂ ಔಷಧದ ಬಳಕೆಯೂ ಕಡಿಮೆಯಾದವು. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಕೊಕ್ರೇನ್ ವಿಮರ್ಶೆ ಇನ್ನಷ್ಟು ಸಂಯಮದಿಂದ ಮಾತನಾಡಿದೆ: ಅಸ್ತಮಾ ರೋಗಿಗಳ ಜೀವನಮಟ್ಟ ಮತ್ತು ಲಕ್ಷಣಗಳಲ್ಲಿ ಸಣ್ಣ ಪ್ರಮಾಣದ ಸುಧಾರಣೆ ಸಂಭವನೀಯ ಎಂದಷ್ಟೇ. ಪ್ರಾಣಾಯಾಮದಿಂದ ಸಕಲ ರೋಗವೂ ಪರಿಹಾರ ಎಂದು ಭಾಷಣ ಬಿಗಿಯುವವರು ಈ ಸಂಯಮವನ್ನು ಕಲಿಯುವುದು ಒಳಿತು.

ದುಡಿಮೆ ಬೇರೆ, ಅಭ್ಯಾಸ ಬೇರೆ

ಆರಂಭದ ಪ್ರಶ್ನೆಗೆ ಮರಳೋಣ. ಕಬ್ಬು ಕಡಿಯುವಾಗ ದೇಹ ಮುಂದಕ್ಕೆ ಬಾಗಿರುತ್ತದೆ, ಒಂದೇ ಕೈ ಮಚ್ಚು ಬೀಸುತ್ತದೆ, ಸೊಂಟ ಒಂದೇ ದಿಕ್ಕಿಗೆ ತಿರುಗುತ್ತದೆ. ನಾಟಿ ಹಾಕುವ ಹೆಂಗಸರು ಗಂಟೆಗಟ್ಟಲೆ ಕೆಸರಿನಲ್ಲಿ ಬಗ್ಗಿರುತ್ತಾರೆ. ಹೊರೆ ಎತ್ತುವ ಕ್ಷಣದಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಆಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಇದು ಶ್ರಮವೇ ಹೌದು, ಆದರೆ ಒಂದೇ ಕಡೆಗೆ ವಾಲಿದ ಶ್ರಮ. ಇಂಥವರಿಗೆ ಸೂರ್ಯನಮಸ್ಕಾರದ ಹನ್ನೆರಡು ಸುತ್ತುಗಳಿಗಿಂತ ದಿನದ ಕೊನೆಯಲ್ಲಿ ಹತ್ತು ನಿಮಿಷ ಕಾಲು ಮಡಚಿ ಅಂಗಾತ ಮಲಗುವುದು, ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸುವ ಭುಜಂಗಾಸನ, ಎಡಬಲ ಎರಡಕ್ಕೂ ಸಮನಾದ ತಿರುವು ಹೆಚ್ಚು ಉಪಯುಕ್ತ. ಹೊರೆ ಎತ್ತುವಾಗ ಉಸಿರು ಬಿಡುತ್ತಾ ಎತ್ತುವ ರೂಢಿಯೊಂದನ್ನು ಕಲಿತರೂ ಅದೇ ಒಂದು ಪಾಠ. ದುಡಿಯುವವರು ತಾಳಕ್ಕೆ ತಕ್ಕಂತೆ ಕೂಗು ಹಾಕಿ ಭಾರ ಎಳೆಯುವ ಪದ್ಧತಿಯಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇತ್ತು.

ಕೆಲವು ಸಂಗತಿಗಳನ್ನು ಯೋಗದ ತಲೆಗೆ ಕಟ್ಟುವುದು ಅನ್ಯಾಯ. ಆಲೆಮನೆಯ ಒಲೆಯ ಮುಂದೆ ಹೊಗೆ ಕುಡಿಯುವ ಕೆಲಸಗಾರನಿಗೆ ಬೇಕಾದದ್ದು ಮೊದಲು ಹೊಗೆ ಹೋಗುವ ದಾರಿ, ಆಮೇಲೆ ಪ್ರಾಣಾಯಾಮ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದಾಗ, ರೈತರಿಗೆ ಧ್ಯಾನ, ಯೋಗ ಕಲಿಸಬೇಕೆಂಬ ಸಲಹೆ ಸುಲಭದ ಮಾತು. ಬಾಕಿ ಉಳಿದ ಕಬ್ಬಿನ ಹಣ, ಸಾಲದ ಬಡ್ಡಿ, ಬತ್ತಿದ ನಾಲೆ ಇವು ಉಸಿರಿನಿಂದ ತೀರುವ ಲೆಕ್ಕಗಳಲ್ಲ. ಕೆಲ ವರ್ಷ ನಿಂತಿದ್ದ ಮೈಷುಗರ್ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಲಾರಂಭಿಸಿದಾಗ ಮಂಡ್ಯದ ಅನೇಕರು ಬಿಟ್ಟ ನಿಟ್ಟುಸಿರು ಯಾವ ಶಿಬಿರವೂ ಕಲಿಸಿದ್ದಲ್ಲ. ಹಾಗೆಂದು ರಾತ್ರಿ ನಿದ್ದೆ ಬಾರದೆ ಹೊರಳುವವನಿಗೆ ಹತ್ತು ನಿಮಿಷದ ನಿಧಾನ ಉಸಿರು ಒಂದಿಷ್ಟು ನೆಮ್ಮದಿ ಕೊಡುವುದಾದರೆ ಅದನ್ನು ತಳ್ಳಿಹಾಕಬೇಕಾಗಿಯೂ ಇಲ್ಲ. ಬದುಕೇ ಬೇಡವೆನಿಸುವ ಹಂತ ತಲುಪಿದವರು ಮಾತ್ರ ಯೋಗವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ.

ಅಭ್ಯಾಸ ಹೇಗೆ?

ಮೊದಲ ವಾರ ಆಸನವೂ ಬೇಡ, ಎಣಿಕೆಯೂ ಬೇಡ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೂರಿ, ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಉಸಿರೆಳೆದಾಗ ಕೈ ಮೇಲೇರುತ್ತದೆಯೇ ಎಂದು ಗಮನಿಸಿ. ಏರದಿದ್ದರೆ ಒತ್ತಾಯಿಸಬೇಡಿ. ಹೊಟ್ಟೆಯನ್ನು ಒಳಗೆಳೆದು, ಎದೆಯನ್ನು ಮುಂದೊಡ್ಡಿ ನಿಲ್ಲಬೇಕೆಂದು ಶಾಲೆಯ ಕವಾಯತಿನಲ್ಲಿ ಕಲಿತವರಿಗೆ ಇದು ಕೆಲವು ದಿನ ಹಿಡಿಯುತ್ತದೆ.

ನಂತರ ನಿಂತು, ಪಾದಗಳ ಮೇಲೆ ಭಾರ ಸಮನಾಗಿ ಹರಡಿ, ಉಸಿರೆಳೆಯುತ್ತಾ ಎರಡೂ ತೋಳುಗಳನ್ನು ಮೇಲೆತ್ತಿ, ಬಿಡುತ್ತಾ ಇಳಿಸಿ. ಚಲನೆ ಉಸಿರಿಗಿಂತ ತುಸು ತಡವಾಗಿ ಆರಂಭವಾಗಿ, ತುಸು ಮೊದಲೇ ಮುಗಿಯಬೇಕು. ಉಸಿರು ತೋಳನ್ನು ಎತ್ತಬೇಕೇ ಹೊರತು ತೋಳು ಉಸಿರನ್ನು ಎಳೆದಾಡಬಾರದು. ಮುಂದೆ ಯಾವ ಆಸನಕ್ಕೆ ಹೋದರೂ ಇದೇ ಮಾನದಂಡ: ಭಂಗಿಯಲ್ಲಿರುವಾಗ ಉಸಿರು ಮೂಗಿನಲ್ಲಿ ಸದ್ದಿಲ್ಲದೆ, ತಡೆಯಿಲ್ಲದೆ ಸಾಗುತ್ತಿದ್ದರೆ ಶ್ರಮ ಸರಿಯಾಗಿದೆ. ಉಸಿರು ತುಂಡಾದರೆ, ಬಾಯಿ ತೆರೆದುಕೊಂಡರೆ, ಅಲ್ಲಿಂದ ಕಾಲುಭಾಗ ಹಿಂದೆ ಬನ್ನಿ. ಉಸಿರು ಸರಾಗವಿದ್ದು ಮನಸ್ಸು ಮಾತ್ರ ಅಡುಗೆಮನೆಗೂ ಕಚೇರಿಗೂ ಅಲೆಯುತ್ತಿದ್ದರೆ ಪ್ರಯತ್ನ ಸಾಲದೆಂದೇ ಅರ್ಥ. ತುಸು ಮುಂದೆ ಹೋಗಬಹುದು. ಈ ವರದಿಗಾರ ಕಲಿಕೆಯ ಮೊದಲ ತಿಂಗಳಲ್ಲೇ ಪಕ್ಕದವರನ್ನು ನೋಡಿ ಹುರುಪಿನಿಂದ ಪಾದ ಮುಟ್ಟಲು ಹೋಗಿ, ಎರಡು ವಾರ ಬೈಕ್ ಏರಲಾಗದೆ ಬಸ್ಸಿನಲ್ಲಿ ವರದಿಗಾರಿಕೆ ಮಾಡಿದ್ದುಂಟು. ಆ ದಿನ ಉಸಿರು ಎಚ್ಚರಿಕೆ ಕೊಟ್ಟಿತ್ತು, ಕೇಳುವ ವ್ಯವಧಾನ ಇರಲಿಲ್ಲ.

ಆಸನದ ಬಳಿಕ ಬೆನ್ನು ನೇರವಾಗಿಟ್ಟು ಕುಳಿತು ಅಥವಾ ಮಲಗಿಯೇ, ಮನಸ್ಸಿನಲ್ಲಿ ಮೂರು ಎಣಿಸುವವರೆಗೆ ಉಸಿರೆಳೆದು ಮೂರು ಎಣಿಸುವವರೆಗೆ ಬಿಡಿ. ಅದು ಸುಲಭವಾದ ಮೇಲೆ ನಾಲ್ಕಕ್ಕೆ ನಾಲ್ಕು, ಆಮೇಲೆ ನಾಲ್ಕಕ್ಕೆ ಆರು. ಸೆಕೆಂಡಿಗೊಂದು ಎಣಿಕೆಯಂತೆ ನಾಲ್ಕು ಮತ್ತು ಆರು ಸೇರಿದರೆ ಹತ್ತು. ನಿಮಿಷಕ್ಕೆ ಆರು ಉಸಿರು. ಐದರಿಂದ ಹತ್ತು ನಿಮಿಷ ಸಾಕು. ಉಸಿರನ್ನು ಒಳಗೆ ಹಿಡಿದಿಡುವ ಕುಂಭಕ, ಕಟ್ಟೆ ಹಾಕುವ ಬಂಧ ಇವನ್ನು ಪುಸ್ತಕ ನೋಡಿ ಮಾಡಬಾರದು. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟುವ ಹೊತ್ತಿಗೆ ತೂಬುಗಳ ಬಳಿ ಎಷ್ಟು ಜನ ಎಚ್ಚರದಿಂದಿರುತ್ತಾರೆಂದು ಬಲ್ಲ ಮಂಡ್ಯದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯಾರು ಎಚ್ಚರ ವಹಿಸಬೇಕು?

ಅಧಿಕ ರಕ್ತದೊತ್ತಡ, ಹೃದ್ರೋಗ ಇರುವವರು ಕುಂಭಕ, ಭಸ್ತ್ರಿಕಾ, ಕಪಾಲಭಾತಿಗಳಿಂದ ದೂರವಿರಬೇಕು. ಗರ್ಭಿಣಿಯರಿಗೂ ಇವು ವರ್ಜ್ಯ. ಗ್ಲಾಕೋಮಾ ಇರುವವರು ಶೀರ್ಷಾಸನದಂತಹ ತಲೆಕೆಳಗಾದ ಭಂಗಿಗಳನ್ನು ಮಾಡಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಅಸ್ತಮಾ ರೋಗಿಗಳು ಇನ್‌ಹೇಲರ್ ಅನ್ನು ತಾವಾಗಿ ನಿಲ್ಲಿಸಬಾರದು. ವೇಗವಾಗಿ ಉಸಿರಾಡಿದಾಗ ತಲೆ ಹಗುರಾಗಿ ಬೆರಳು ಜುಮ್ಮೆನ್ನುವುದನ್ನು ಕೆಲವರು ಶಕ್ತಿಸಂಚಾರವೆಂದು ಭ್ರಮಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾದಾಗ ಆಗುವುದು ಹೀಗೆಯೇ. ಕೂಡಲೇ ನಿಲ್ಲಿಸಿ ಸಹಜ ಉಸಿರಿಗೆ ಮರಳಬೇಕು.

ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರ್ 11ರಂದು ನಿರ್ಣಯ ಅಂಗೀಕರಿಸಿ, 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾದ ಮೇಲೆ ಮೈದಾನಗಳಲ್ಲಿ ಸಾಮೂಹಿಕ ಅಭ್ಯಾಸ ಸಾಮಾನ್ಯವಾಗಿದೆ. 2022ರಲ್ಲಿ ಮೈಸೂರು ಅರಮನೆಯ ಆವರಣದಲ್ಲೇ ಪ್ರಧಾನಿ ಪಾಲ್ಗೊಂಡ ರಾಷ್ಟ್ರಮಟ್ಟದ ಕಾರ್ಯಕ್ರಮ ನಡೆಯಿತು. ಉತ್ಸಾಹಕ್ಕೆ ಇದು ಒಳ್ಳೆಯದೇ. ಆದರೆ ಧ್ವನಿವರ್ಧಕದ ಆಜ್ಞೆಗೆ ಸಾವಿರಾರು ಜನ ಒಟ್ಟಿಗೆ ಉಸಿರೆಳೆಯುವಾಗ ಪ್ರತಿಯೊಬ್ಬರ ಉಸಿರಿನ ಅಳತೆ ಬೇರೆ ಎಂಬುದು ಮರೆತುಹೋಗುತ್ತದೆ. ಶಿಕ್ಷಕರನ್ನು ಆರಿಸಿಕೊಳ್ಳುವಾಗ, ನಿಮ್ಮ ವಯಸ್ಸು, ಕೆಲಸ, ಕಾಯಿಲೆಗಳನ್ನು ಮೊದಲು ವಿಚಾರಿಸುವವರನ್ನೇ ನೋಡಿಕೊಳ್ಳಿ.

ಊಟವಾದ ಮೂರು, ನಾಲ್ಕು ಗಂಟೆ ಆಸನಗಳು ಸಲ್ಲವು. ಮದ್ದೂರು ನಿಲ್ದಾಣದಲ್ಲಿ ವಡೆ ತಿಂದು ರೈಲೇರಿದವರಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ನಾಲ್ಕಕ್ಕೆ ಆರರ ಉಸಿರಿಗೆ ಹೊಟ್ಟೆ ಖಾಲಿ ಇರಬೇಕಿಲ್ಲ, ಚಾಪೆಯೂ ಬೇಕಿಲ್ಲ. ರೈಲಿಲ್ಲದ ಮಳವಳ್ಳಿಯಿಂದ ಬಸ್ಸಿನಲ್ಲಿ ಮದ್ದೂರಿಗೆ ಬಂದು ರೈಲು ಹಿಡಿಯುವವರಿಗೆ ಚನ್ನಪಟ್ಟಣ ದಾಟುವ ಮುನ್ನ ಅದಕ್ಕೆ ಬೇಕಾದ ಹತ್ತು ನಿಮಿಷ, ಸೀಟು ಸಿಕ್ಕರೂ ಸಿಗದಿದ್ದರೂ, ದೊರೆಯುತ್ತದೆ.